ಫ್ರಂಟ್ ರೂಮಿನ ಸದ್ದು

ನನ್ನ ತಮ್ಮ ಕ್ಲೈವ್ ಸ್ಟ್ಯಾನಿಫೋರ್ತ್‌ನ ತಂಡದ ಬಗ್ಗೆ ಸಂಗೀತದ ಒಂದು ಪುಸ್ತಕದಲ್ಲಿ ಬರೆದಿದ್ದಾರೆ ಅಂತ ಯಾರೋ ಹೇಳಿದರು. ಆಸೆಯಿಂದ ಲೈಬ್ರರಿಗೆ ಹೋಗಿ ನೋಡಿದರೆ ಕೊನೆಯ ಪುಟಗಳಲ್ಲಿ, ಇರುವೆಯಂಥ ಅಕ್ಷರದಲ್ಲಿ, ‘ಇವರಲ್ಲದೆ ಫ್ರಂಟ್ ರೂಮ್ ಎಂಬ ಇಬ್ಬರ ತಂಡವೂ ಇತ್ತು’ ಅಂತ ಒಂದು ಸಾಲು. ಆ ಇಬ್ಬರು ಯಾರು ಅನ್ನುವುದೂ ಇಲ್ಲ. ಪುಸ್ತಕ ಮುಚ್ಚಿ ಎದ್ದು ಬಂದೆ. ನಾನು ಅವನ ಅಕ್ಕ ಗ್ಲೆಂಡಾ, ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಬರೆದವನು ಕೈಗೆ ಸಿಕ್ಕಿದ್ದರೆ ಎದುರಿಗೆ ಕೂರಿಸಿಕೊಂಡು ಇದಿಷ್ಟನ್ನೂ ಹೇಳುತ್ತಿದ್ದೆ. ಅವನು ಸಿಗಲಿಲ್ಲ, ನೀವು ಸಿಕ್ಕಿದ್ದೀರಿ.

ನಾವು ಶೆಫೀಲ್ಡಿನ ಪಿಟ್ಸ್‌ಮೂರ್ ಗುಡ್ಡದ ಸಾಲುಮನೆಗಳವರು. ಕೆಳಗೆ ಡಾನ್ ನದಿಯ ಉದ್ದಕ್ಕೂ ಉಕ್ಕಿನ ಕಾರ್ಖಾನೆಗಳು. ಅಪ್ಪ ಅಲ್ಲಿ ಉಕ್ಕು ಬಡಿಯುವ ಒಂದು ಕಮ್ಮಟದಲ್ಲಿ ಆವಿಯ ದೊಡ್ಡ ಸುತ್ತಿಗೆ ನಡೆಸುತ್ತಿದ್ದ. ಕಾದ ಉಕ್ಕಿನ ಮೇಲೆ ಅದು ಬಿದ್ದರೆ ಗುಡ್ಡದ ಮೇಲೆ ನಮ್ಮ ಮನೆಯ ಕಪಾಟಿನಲ್ಲಿ ಕಪ್ಪು-ಸಾಸರುಗಳು ಸಣ್ಣಗೆ ಮಾತಾಡಿಕೊಳ್ಳುತ್ತಿದ್ದವು. ಆ ಸದ್ದು ಕಿವಿಗಿಂತ ಮೊದಲು ಕಾಲಿಗೆ ಗೊತ್ತಾಗುತ್ತಿತ್ತು. ಸಂಜೆ ಪಾಳಿ ಮುಗಿದು ಸುತ್ತಿಗೆ ನಿಂತಿತೋ, ಬೀದಿಯ ಹೆಂಗಸರೆಲ್ಲ ಒಟ್ಟಿಗೆ ಎದ್ದು ಒಲೆಯ ಮೇಲೆ ಕೆಟಲ್ ಇಡುತ್ತಿದ್ದರು. ಗಂಡಸರು ಗುಡ್ಡ ಹತ್ತಿ ಬರುವಷ್ಟರಲ್ಲಿ ಚಹಾ ತಯಾರು. ಗಡಿಯಾರ ನೋಡಿ ಚಹಾ ಮಾಡುವವರು ಆಫೀಸಿನವರ ಹೆಂಡಿರು ಅಂತ ನಮ್ಮಮ್ಮ ಮೂಗು ಮುರಿಯುತ್ತಿದ್ದಳು.

ಅಮ್ಮನ ಹೆಸರು ಎಡ್ನಾ. ಮದುವೆಗೆ ಮುಂಚಿನಿಂದ ಅವಳದು ಚಮಚಗಳಿಗೆ ಹೊಳಪು ಕೊಡುವ ಕೆಲಸ. ಮೈಗೆ ಕಂದು ಕಾಗದ ಸುತ್ತಿಕೊಂಡು, ತಲೆಗೆ ಕೆಂಪು ಬಟ್ಟೆ ಕಟ್ಟಿಕೊಂಡು, ತಿರುಗುವ ಚಕ್ರದ ಮುಂದೆ ಕೂತು ಊರಿನ ಅರ್ಧ ಚಮಚಗಳನ್ನು ಅವಳೇ ಉಜ್ಜಿರಬೇಕು. ಮಂಕಾಗಿದ್ದದ್ದು ಕಂಡರೆ ಉಜ್ಜಬೇಕು, ಸೊಟ್ಟಗಿದ್ದದ್ದು ಕಂಡರೆ ನೆಟ್ಟಗೆ ಮಾಡಬೇಕು, ಇದು ಅವಳ ಕೈಗೆ ಅಂಟಿದ ಜಾಡ್ಯ. ನಮ್ಮ ಕೂದಲು, ನಮ್ಮ ಕಾಲರು, ಬೇರೆಯವರ ಮನೆ ಗೋಡೆಯ ಪಟ, ಯಾವುದನ್ನೂ ಬಿಟ್ಟವಳಲ್ಲ.

ಮನೆಯ ಮುಂದಿನ ಕೋಣೆ, ಅಂದರೆ ಫ್ರಂಟ್ ರೂಮ್, ಅವಳ ದೇವರ ಕೋಣೆ ಇದ್ದ ಹಾಗೆ. ಕ್ರಿಸ್‌ಮಸ್‌ಗೆ, ಪಾದ್ರಿ ಬಂದರೆ, ಯಾರಾದರೂ ಸತ್ತರೆ ಮಾತ್ರ ಅದರ ಬಾಗಿಲು ತೆರೆಯುತ್ತಿತ್ತು. ಅಪ್ಪನನ್ನು ಕೊನೆಗೆ ಮಲಗಿಸಿದ್ದೂ ಅಲ್ಲೇ. ಹೊಗೆ ಕುಡಿದು ಕುಡಿದು ಅವನ ಎದೆ ಸೋತಿತ್ತು. ಅವನು ಹೋದ ಮರುವರ್ಷ ಕಮ್ಮಟವೂ ಬಾಗಿಲು ಹಾಕಿತು. ಒಂದು ಶುಕ್ರವಾರ ಸಂಜೆ ನಿಂತ ಸುತ್ತಿಗೆ ಮತ್ತೆ ಬೀಳಲಿಲ್ಲ. ಆ ಸಂಜೆಯೂ ಅಮ್ಮ ಕೆಟಲ್ ಇಟ್ಟಳು.

ಕ್ಲೈವ್ ಆಗ ಲೋಹ ಉಜ್ಜುವ ಅರ ತಯಾರಿಸುವ ಕಾರ್ಖಾನೆಯಲ್ಲಿದ್ದ. ಮಾತು ಕಮ್ಮಿ, ಹಟ ಜಾಸ್ತಿ. ಒಂದು ದಿನ ಅಪ್ಪನ ಮೋಟಾರ್ ಬೈಕನ್ನು ಪಕ್ಕಕ್ಕೆ ಜೋಡಿಸಿದ್ದ ಸೈಡ್‌ಕಾರಿನ ಸಮೇತ ಮಾರಿ, ಹಳೆಯದೊಂದು ಸಿಂಥಸೈಸರ್ ಕೊಂಡು, ಕಂಬಳಿ ಸುತ್ತಿ ತಬ್ಬಿಕೊಂಡು ಬಂದ. ಪಿಯಾನೊದಲ್ಲಿರುವಂಥ, ಬೆರಳಿನಿಂದ ಒತ್ತುವ ಕಪ್ಪು-ಬಿಳಿ ಮನೆಗಳ ಒಂದು ಸಾಲು, ಅದರ ಮೇಲೆ ಒಂದು ಹಲಗೆಯ ತುಂಬ ತಿರುಗಿಸುವ ಗುಂಡಿಗಳು.

“ಇದೇನೋ ಇದು, ಟೆಲಿಫೋನ್ ಎಕ್ಸ್‌ಚೇಂಜನ್ನೇ ಕಿತ್ಕೊಂಡ್ ಬಂದಿದೀಯಾ?” ಅಂದಳು ಅಮ್ಮ.

“ಸಂಗೀತದ ಯಂತ್ರ ಅಮ್ಮ.”

“ಸಂಗೀತಕ್ಕೆ ಇಷ್ಟೊಂದು ವೈರ್ ಯಾಕೆ ಬೇಕು? ಪಿಯಾನೊ ತಂದಿದ್ರೆ ಮುಚ್ಚಳ ಆದ್ರೂ ಇರೋದು, ಮೇಲೊಂದು ಫೋಟೊ ಇಡಬಹುದಿತ್ತು.”

“ಅಪ್ಪನ ಗಾಡಿ ಮಾರಿ ತಂದೆ.”

ಅಮ್ಮ ಆ ಯಂತ್ರವನ್ನು ಮೇಲಿಂದ ಕೆಳಗೆ ನೋಡಿದಳು. ಬಯ್ಯುತ್ತಾಳೆ ಅಂತ ನಾನು ಕಾಯುತ್ತಿದ್ದೆ. “ಹಾಗಾದ್ರೆ ಹಿಂದುಗಡೆ ಯಾಕೆ ಇಡ್ತೀಯ, ಫ್ರಂಟ್ ರೂಮಲ್ಲಿಡು” ಅಂದವಳೇ ತನ್ನ ಏಪ್ರನ್ನಿನ ತುದಿಯಿಂದ ಅದರ ಮೂಲೆ ಒರೆಸಿದಳು.

ಆಗ ಶೆಫೀಲ್ಡಿನಲ್ಲಿ ಇಂಥ ಯಂತ್ರ ಇಟ್ಟುಕೊಂಡು ಹಾಡುವ ತಂಡ ಬೀದಿಗೊಂದು. ಗಿಟಾರು ಹಿಡಿದವರನ್ನು ಅಜ್ಜಂದಿರು ಅನ್ನುತ್ತಿದ್ದ ಕಾಲ. ಕ್ಲೈವ್ ಹಾಡಿನ ಪ್ಲೇಟುಗಳ ಅಂಗಡಿಯ ಗೋಡೆಗೆ ಒಂದು ಚೀಟಿ ಅಂಟಿಸಿ ಬಂದ: ‘ಹಾಡುವವರು ಬೇಕು. ಕುಣಿಯುವವರು ಬೇಡ.’ ಆ ವಾರವೇ ಒಬ್ಬಳು ಬಂದು ಬಾಗಿಲು ತಟ್ಟಿದಳು. ಉದ್ದ ಕೋಟು, ಕಣ್ಣ ಮೇಲೆ ಬಿದ್ದ ಕೂದಲು. ಮಿಠಾಯಿ ಕಾರ್ಖಾನೆಯಿಂದ ನೇರ ಬಂದಿದ್ದಳು. ಜ್ಯೇಷ್ಠಮಧುವಿನ ಘಮ ಅವಳಿಗಿಂತ ಮೊದಲು ಒಳಗೆ ಬಂತು.

“ನಾನು ರೊವೀನಾ. ಕುಣಿಯೋಕೆ ಬರಲ್ಲ. ಹಾಡೋಕೂ ಅಷ್ಟಕ್ಕಷ್ಟೆ. ಆದ್ರೆ ಹೆದರಿಕೆ ಅಂತೂ ಇಲ್ಲ” ಅಂದಳು.

ಕ್ಲೈವ್ ಬಾಗಿಲಿಗೆ ಅಡ್ಡವಾಗಿ ನಿಂತೇ ಇದ್ದ. ನಾನೇ ಅವನನ್ನು ಪಕ್ಕಕ್ಕೆ ತಳ್ಳಿ ಅವಳನ್ನು ಒಳಗೆ ಕರೆದೆ. ಆವತ್ತಿನಿಂದ ಇವತ್ತಿನವರೆಗೆ ಅವನ ಮನಸ್ಸಿನಲ್ಲಿ ಇನ್ನೊಬ್ಬ ಹೆಣ್ಣು ಕಾಲಿಟ್ಟಿಲ್ಲ. ಇದನ್ನು ಅವನು ಯಾರಿಗೂ ಹೇಳಿಲ್ಲ, ಅವಳಿಗಂತೂ ಇಲ್ಲವೇ ಇಲ್ಲ. ಹೇಳದಿದ್ದರೆ ಏನಾಯಿತು, ನನಗೆ ಕಣ್ಣಿಲ್ಲವೇ?

ತಂಡಕ್ಕೆ ಫ್ರಂಟ್ ರೂಮ್ ಅಂತಲೇ ಹೆಸರಾಯಿತು. ರಾಗ ನುಡಿಸಲು ಇನ್ನೊಂದು ಪುಟ್ಟ ಕೀಬೋರ್ಡ್ ಬಂತು. ತಾಳಕ್ಕೆ ಟೇಪ್ ರೆಕಾರ್ಡರ್. ಅದಕ್ಕೆ ರೊವೀನಾ ನಾರ್ಮನ್ ಅಂತ ನಾಮಕರಣ ಮಾಡಿದಳು. ನಾನು ಕೆಲಸಗಾರರ ಕ್ಲಬ್ಬಿನ ಬಾರಿನಲ್ಲಿ ಬಿಯರ್ ಸುರಿಯುತ್ತಿದ್ದವಳು. ಕ್ಲಬ್ಬಿನ ಕಾರ್ಯಕ್ರಮಗಳ ಕಾರ್ಯದರ್ಶಿ ಹೊರೇಸ್ ಬ್ಯಾಗ್‌ಶಾ ಅವರ ಕಾಲು ಕೈ ಹಿಡಿದು ಒಂದು ಭಾನುವಾರ ಮಧ್ಯಾಹ್ನ ಇವರಿಗೆ ವೇದಿಕೆ ಕೊಡಿಸಿದೆ. ಹೊರೇಸ್ ಅಂದರೆ ಕ್ಲಬ್ಬಿನಲ್ಲಿ ರಾಣಿಗಿಂತ ಒಂದು ಮೆಟ್ಟಿಲು ಮೇಲೆ.

“ಏನ್ ಲವ್, ಮೂರು ಜನ ಅಂದಿದ್ರಿ, ಡ್ರಮ್ಮಿನವನೆಲ್ಲಿ?” ಅಂತ ಕೇಳಿದರು ಹೊರೇಸ್. ನಮ್ಮೂರಲ್ಲಿ ಗಂಡು, ಹೆಣ್ಣು ಎಲ್ಲರನ್ನೂ ‘ಲವ್’ ಅಂತಲೇ ಕರೆಯುವುದು.

ಕ್ಲೈವ್ ಟೇಪ್ ರೆಕಾರ್ಡರ್ ಕಡೆ ಕೈ ತೋರಿಸಿ, “ಇವನೇ ಸರ್. ನಾರ್ಮನ್” ಅಂದ.

ಹೊರೇಸ್ ಬಗ್ಗಿ ಅದನ್ನು ನೋಡಿದರು. “ಕುಡೀತಾನಾ?”

“ಇಲ್ಲ ಸರ್.”

“ಬಯ್ದಾಡ್ತಾನಾ?”

“ಇಲ್ಲ ಸರ್.”

“ಹಾಗಾದ್ರೆ ಇವನು ಡ್ರಮ್ಮಿನವನಲ್ಲ ಬಿಡಪ್ಪ, ಪಾದ್ರಿ.”

ಹಾಡು ಶುರುವಾಯಿತು. ರೊವೀನಾ ಕಂಬದ ಹಾಗೆ ನಿಂತು, ರೆಪ್ಪೆಯೂ ಅಲ್ಲಾಡಿಸದೆ ಹಾಡಿದಳು. ಮುಂದಿನ ಮೇಜಿನ ಒಬ್ಬಾತ “ಆ ಹುಡುಗಿ ಏನು ಬಸ್ಸಿಗೆ ಕಾಯ್ತಾ ಇದಾಳಾ?” ಅಂದ. ಇನ್ನೊಬ್ಬ “ಫ್ರಿಜ್ ಕೆಟ್ಟಿದೆ, ಯಾರಾದ್ರೂ ನೋಡ್ರಪ್ಪಾ” ಅಂತ ಕೂಗಿದ. ಹೆಂಗಸರು ಹಾಡು ಮುಗಿದ ಮೇಲೆ ಆಡುವ ಬಿಂಗೊ ಆಟದ ಅಂಕಿಚೀಟಿ ಹರಡಿಕೊಂಡು ಕೂತರು. ಅರ್ಧಕ್ಕೇ ಹೊರೇಸ್ ಮೈಕ್ ಹಿಡಿದು, “ಬಿಸಿ ಮಾಂಸದ ಪೈ ಬಂದಿದೆ, ಬಟಾಣಿನೂ ಇದೆ. ಈ ಮಕ್ಕಳು ಕಷ್ಟಪಟ್ಟಿದಾರೆ, ಒಂದು ಚಪ್ಪಾಳೆ” ಅಂದುಬಿಟ್ಟರು. ನಮ್ಮ ಕ್ಲಬ್ಬಿನಲ್ಲಿ ಇದಕ್ಕಿಂತ ದೊಡ್ಡ ಕಪಾಳಮೋಕ್ಷ ಇಲ್ಲ. ಆದರೂ ಮನುಷ್ಯ ಕೆಟ್ಟವರಲ್ಲ. ಪೈ ಮತ್ತು ಬಟಾಣಿ ಮೂರು ತಟ್ಟೆ ಕಳಿಸಿದರು, ನಾರ್ಮನ್‌ದೂ ಸೇರಿ.

ಮನೆಗೆ ಬರುವ ದಾರಿಯಲ್ಲಿ ರೊವೀನಾ ನಾರ್ಮನ್‌ನ ಪಾಲನ್ನೂ ತಿಂದಳು. ಕ್ಲೈವ್ ಮಾತ್ರ ಇಂಗು ತಿಂದ ಮಂಗನ ಹಾಗೆ ಮುಖ ಮಾಡಿಕೊಂಡಿದ್ದ. ಕೊನೆಗೆ ಬಾಯಿ ಬಿಟ್ಟ. “ಅವರದ್ದೇನೂ ತಪ್ಪಿಲ್ಲ. ನಮ್ಮ ಹಾಡು ಬರೀ ಕಿವಿಗೆ ತಾಗುತ್ತೆ, ಕಾಲಿಗೆ ತಾಗಲ್ಲ.”

ಆಮೇಲೆ ಪ್ರತಿ ಭಾನುವಾರ ಫ್ರಂಟ್ ರೂಮಿನಲ್ಲಿ ಅವನದ್ದು ಒಂದೇ ಕೆಲಸ. ಗುಂಡಿ ತಿರುಗಿಸು, ಮನೆ ಒತ್ತು, ತಲೆಯಾಡಿಸು. ಇದಕ್ಕೆ ಒಂದು ಕೂದಲೆಳೆ, ಅದಕ್ಕೆ ಒಂದು ಕೂದಲೆಳೆ. ರೊವೀನಾ ಮೂಲೆಯಲ್ಲಿ ಕೂತು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಅಮ್ಮ ಹಿಂದಿನ ಅಡುಗೆಮನೆಯಲ್ಲಿ ಭಾನುವಾರದ ಮಾಂಸ ಒಲೆಗೆ ಇಟ್ಟುಕೊಂಡು ಆಲೂಗೆಡ್ಡೆ ಸುಲಿಯುತ್ತಿದ್ದಳು. ಹಾಗೆ ಒಂದು ಮಧ್ಯಾಹ್ನ, ನಾನು ಪೇಪರ್ ಓದುತ್ತಿದ್ದಾಗ, ನನ್ನ ಚಪ್ಪಲಿಯ ಕೆಳಗೆ ನೆಲ ಧಿಮ್ಮೆಂದಿತು. ಸ್ವಲ್ಪ ಬಿಟ್ಟು ಮತ್ತೆ. ಕಪಾಟಿನಲ್ಲಿ ಕಪ್ಪು-ಸಾಸರುಗಳು ಮಾತಾಡಿಕೊಂಡವು. ಅಪ್ಪನ ಸುತ್ತಿಗೆ. ದೂರದಿಂದ, ಕಣಿವೆಯ ಆಚೆಯಿಂದ, ನಡುವೆ ಮಂಜು ಇದ್ದಾಗ ಹೇಗೆ ಕೇಳುತ್ತಿತ್ತೋ ಹಾಗೆ.

ಅಮ್ಮ ಕೈಯಲ್ಲಿ ಚಾಕು ಹಿಡಿದು ಬಾಗಿಲಿಗೆ ಬಂದು ನಿಂತಳು. ಕ್ಲೈವ್ ಅವಳನ್ನೇ ನೋಡುತ್ತ ನುಡಿಸುತ್ತಿದ್ದ. ಅವನು ನಿಲ್ಲಿಸಿದ ಕೂಡಲೇ ಅವಳು ಒಳಗೆ ಹೋಗಿ ಕೆಟಲ್ ಇಟ್ಟಳು. ನಾಲ್ಕು ಜನಕ್ಕೆ ಐದು ಕಪ್ಪು ಚಹಾ ತಂದಳು.

“ಒಂದು ಜಾಸ್ತಿ ಆಯ್ತಲ್ಲಮ್ಮ” ಅಂದೆ.

“ನಾರ್ಮನ್‌ಗೆ” ಅಂದಳು ರೊವೀನಾ. ಎಲ್ಲರೂ ನಕ್ಕೆವು. ಅಮ್ಮನೂ ನಕ್ಕಳು, ಸ್ವಲ್ಪ ತಡವಾಗಿ.

ಆ ಯಂತ್ರಕ್ಕೆ ನೆನಪಿನ ಶಕ್ತಿ ಅನ್ನುವುದು ಇಲ್ಲ. ಗುಂಡಿಗಳು ಹೇಗೆ ನಿಂತಿವೆಯೋ ಅದೇ ಅದರ ಸದ್ದು. ಒಂದು ಜರುಗಿದರೆ ಮುಗಿಯಿತು. ಹಾಗಾಗಿ ಕ್ಲೈವ್ ಕಾರ್ಖಾನೆಯಲ್ಲಿ ಉಕ್ಕಿಗೆ ಗುರುತು ಹಾಕುವ ಹಾಗೆ ಪ್ರತಿ ಗುಂಡಿಯ ಪಕ್ಕ ಸೀಮೆಸುಣ್ಣದಿಂದ ಒಂದು ಗೀಟು ಎಳೆದ. ಅಲ್ಲಿಂದ ಮುಂದೆ ಯಾರೂ ಅದನ್ನು ಮುಟ್ಟುವ ಹಾಗಿಲ್ಲ. ಕ್ಯಾಸೆಟ್ಟಿಗೆ ಇಳಿಸಲು ನೋಡಿದ. ಅದರಲ್ಲಿ ಬರೀ ‘ಟಪ್’ ಅಂತ ಕೇಳಿತು, ಮರದ ಮೇಲೆ ಯಾರೋ ಬೆರಳು ತಟ್ಟಿದ ಹಾಗೆ. ಆ ಸದ್ದು ಇರುವ ಕೋಣೆಯಲ್ಲೇ ನೀವೂ ಇರಬೇಕು, ನೆಲದ ಮೇಲೆ ಕಾಲಿಟ್ಟಿರಬೇಕು.

ಆ ಸದ್ದಿನ ಮೇಲೆ ಅವರು ‘ಎರಡನೇ ಪಾಳಿ’ ಅಂತ ಹಾಡು ಕಟ್ಟಿದರು. ಕ್ಲಬ್ಬಿಗೆ ಬರಬೇಕಾಗಿದ್ದ ಜಾದೂಗಾರ ಕಾಲು ಮುರಿದುಕೊಂಡ ಪುಣ್ಯಕ್ಕೆ ಇನ್ನೊಂದು ಭಾನುವಾರ ಸಿಕ್ಕಿತು. ಯಂತ್ರವನ್ನು ಅಮ್ಮನ ದುಪ್ಪಟಿಯಲ್ಲಿ ಸುತ್ತಿ, ಹಸುಗೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಹೋದರು. ಮೊದಲ ಪೆಟ್ಟು ಬಿತ್ತು. ನನ್ನ ಮುಂದೆ ಜೋಡಿಸಿಟ್ಟ ಗ್ಲಾಸುಗಳು ಕಿಣಿಕಿಣಿ ಅಂದವು. ಹಿಂದಿನ ಮೇಜಿನಲ್ಲಿ ಡಾಮಿನೊ ಆಡುತ್ತಿದ್ದ ಕಮ್ಮಟದ ಮುದುಕರು ಕೈಯಲ್ಲಿದ್ದ ಕಾಯಿಗಳನ್ನು ಕೆಳಗಿಟ್ಟರು. ಒಬ್ಬಾತ ಟೋಪಿ ತೆಗೆದ. ಅದರ ಮೇಲೆ ರೊವೀನಾಳ ದನಿ, ಏರಿಳಿತವಿಲ್ಲದ್ದು, ಮನೆಯಲ್ಲಿ ಒಬ್ಬಳೇ ಕೂತು ಯಾರಿಗೋ ಕಾಯುವವಳ ದನಿ. ಆವತ್ತು ಯಾರೂ ಪೈ ತರಲು ಏಳಲಿಲ್ಲ. ಬಿಂಗೊ ತಡವಾಯಿತು. ರಾಜ ಸತ್ತಾಗಲೂ ನಮ್ಮ ಕ್ಲಬ್ಬಿನಲ್ಲಿ ಬಿಂಗೊ ತಡವಾದದ್ದಿಲ್ಲ. ನಾನು ಅಳುತ್ತಲೇ ಬಿಯರ್ ಸುರಿದೆ. ಅರ್ಧ ಹೊರಗೆ ಹೋಯಿತು.

ಸುದ್ದಿ ಹಬ್ಬಿತು. ಮುಂದಿನ ಸಲ ಲಂಡನ್ನಿನ ಒಂದು ಸಣ್ಣ ರೆಕಾರ್ಡ್ ಕಂಪನಿಯ ಜೂಲಿಯನ್ ಅನ್ನುವವನು ಬಂದು ಹಿಂದೆ ನಿಂತು ಕೇಳಿ ಹೋದ. ಆಮೇಲೆ ಫೋನ್ ಮಾಡಿ, “ಆ ಸದ್ದು ಇನ್ನೊಂದು ಸಲ ಹತ್ತಿರದಿಂದ ಕೇಳಬೇಕು. ಸ್ಟುಡಿಯೊಗೆ ಯಾವಾಗ ಬರ್ತೀರಿ ಅಂತ ಅಲ್ಲೇ ಮಾತಾಡೋಣ” ಅಂದ. ಶನಿವಾರ ಚಹಾದ ಹೊತ್ತಿಗೆ ನಮ್ಮ ಮನೆಗೇ ಬರುವುದು ಅಂತಾಯಿತು.

ಲಂಡನ್ನಿನವನು ನಮ್ಮ ಫ್ರಂಟ್ ರೂಮಿಗೆ! ಅಮ್ಮನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹೊಸ್ತಿಲಿಗೆ ಕಲ್ಲು ತಿಕ್ಕಿ ಬಿಳಿ ಮಾಡಿದಳು. ಪರದೆ ಒಗೆದಳು. ಹ್ಯಾಮ್ ಸ್ಯಾಂಡ್‌ವಿಚ್, ಡಬ್ಬಿಯ ಸಾಲ್ಮನ್, ಬಿಲ್ಲೆ ಬಿಲ್ಲೆ ಕೇಕು. ಜೂಲಿಯನ್ ಬಂದ, ಕೂತ, ಮೊಣಕಾಲ ಮೇಲೆ ತಟ್ಟೆ ಇಟ್ಟುಕೊಂಡ. ರೊವೀನಾ ಮೈಕಿನ ಮುಂದೆ ನಿಂತಳು. ಕ್ಲೈವ್ ದುಪ್ಪಟಿ ತೆಗೆದ.

ಯಂತ್ರ ಫಳಫಳ ಹೊಳೆಯುತ್ತಿತ್ತು. ಸೀಮೆಸುಣ್ಣದ ಒಂದು ಗೀಟೂ ಇರಲಿಲ್ಲ. ಗುಂಡಿಗಳೆಲ್ಲ ಮೂತಿ ಮೇಲೆ ಮಾಡಿಕೊಂಡು, ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ನೆಟ್ಟಗೆ ನಿಂತಿದ್ದವು.

ಕ್ಲೈವ್ ಒಂದು ಮನೆ ಒತ್ತಿದ. ಸೊಳ್ಳೆಯ ಸದ್ದು ಬಂತು.

“ಅಮ್ಮಾ... ಏನು ಮಾಡಿದೆ?”

“ಏನು ಮಾಡಿದೆ ಅಂದ್ರೆ? ಒರೆಸಿದೆ. ಎಲ್ಲಾ ಸುಣ್ಣ ಮೆತ್ತಿತ್ತು. ಗುಂಡಿಗಳು ನೋಡಿದ್ರೆ ಒಂದು ಆ ಕಡೆ, ಒಂದು ಈ ಕಡೆ, ಸೊಟ್ಟಪಟ್ಟ. ಬಂದವರು ಏನಂದ್ಕೋತಾರೆ? ನೆಟ್ಟಗೆ ಮಾಡಿಟ್ಟೆ.” ಅವನ ಮುಖ ನೋಡಿ ಅವಳ ದನಿ ಇಳಿಯಿತು. “ಪಿಯಾನೊ ಒರೆಸಿದ್ರೆ ಅದು ರಾಗ ಮರೆಯುತ್ತಾ ಲವ್?”

ಜೂಲಿಯನ್ ಇನ್ನೊಂದು ಕೇಕು ತಗೊಂಡ. ಕ್ಲೈವ್ ಗುಂಡಿ ತಿರುಗಿಸಿದ, ತಿರುಗಿಸಿದ, ಹಣೆಯಲ್ಲಿ ಬೆವರು. ಎಷ್ಟು ಹೊತ್ತು ಅಂತ ಒಬ್ಬ ಮನುಷ್ಯ ಕೇಕು ತಿಂದಾನು? ಅಮ್ಮ ಬಾಗಿಲ ಹತ್ತಿರ ಒರೆಸುವ ಬಟ್ಟೆಯನ್ನು ಕೈಯಲ್ಲಿ ಹಿಂಡುತ್ತ ನಿಂತಿದ್ದಳು. ಅವಳನ್ನು ಬಯ್ಯುವುದೋ ತಬ್ಬಿಕೊಳ್ಳುವುದೋ ನನಗೆ ಗೊತ್ತಾಗಲಿಲ್ಲ. ಕ್ಲೈವ್ ಮಾತ್ರ ಆವತ್ತಾಗಲಿ ಆಮೇಲಾಗಲಿ ಅವಳಿಗೆ ಒಂದು ಬಿರುಸು ಮಾತು ಆಡಲಿಲ್ಲ.

ಕಂಪನಿ ಕೈ ಬಿಡಲಿಲ್ಲ, ಅದನ್ನು ಹೇಳಬೇಕು. ಲಂಡನ್ನಿನ ಸ್ಟುಡಿಯೊದಲ್ಲಿ ಬೇರೆ ಯಾವುದೋ ಸದ್ದು ಹಾಕಿ ‘ಎರಡನೇ ಪಾಳಿ’ ರೆಕಾರ್ಡ್ ಆಯಿತು. ಒಂದು ಸಂಜೆ ರೇಡಿಯೊದಲ್ಲಿ ಬಂತು. ಅಮ್ಮ ಬೆಳಗ್ಗೆಯೇ ರೇಡಿಯೊ ಒರೆಸಿಟ್ಟಿದ್ದಳು. ಒಂದು ಪತ್ರಿಕೆಯವನು ‘ಚೆನ್ನಾಗಿದೆ, ಆದರೆ ಏನೋ ಒಂದು ಕಮ್ಮಿ’ ಅಂತ ಬರೆದ. ಆ ಮಾತು ಕ್ಲೈವ್‌ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು. ವ್ಯಾನಿನಲ್ಲಿ ಊರೂರು ತಿರುಗಿದರು, ದೊಡ್ಡ ತಂಡಗಳಿಗೆ ಮುಂಚೆ, ಜನ ಇನ್ನೂ ಕೋಟು ಬಿಚ್ಚುತ್ತಿರುವಾಗ ಹಾಡಿದರು. ಒಂದು ಚಳಿಗಾಲ ಬೆಲ್ಜಿಯಮ್ಮಿಗೂ ಜರ್ಮನಿಗೂ ಹೋಗಿಬಂದರು. ಜರ್ಮನಿಯ ಒಂದು ಕಲ್ಲಿದ್ದಲಿನ ಊರಿನಲ್ಲಿ ಜನ ಎದ್ದು ಕುಣಿದರಂತೆ. ಇವತ್ತಿಗೂ ಕ್ಲೈವ್ ಆ ಊರಿನ ಹೆಸರನ್ನು ಮೆಲ್ಲಗೆ ಹೇಳುತ್ತಾನೆ. ಇನ್ನೊಂದು ರೆಕಾರ್ಡ್ ಬಂತು. ಅದನ್ನು ಕೊಂಡವರು ಬಹುಪಾಲು ನಮ್ಮ ಬೀದಿಯವರು. ಆಮೇಲೆ ಜೂಲಿಯನ್‌ನ ಫೋನ್ ಬರುವುದು ನಿಂತಿತು.

ರೊವೀನಾಗೆ ಲಂಡನ್ನಿನಲ್ಲಿ ಬೇರೆಯವರ ಹಾಡಿಗೆ ದನಿ ಕೊಡುವ ಕೆಲಸ ಸಿಕ್ಕಿತು. ರೈಲು ಹತ್ತಿಸಲು ನಾನೂ ಹೋಗಿದ್ದೆ.

“ನೀನೂ ಬಾ ಕ್ಲೈವ್. ಅಲ್ಲಿ ನೂರು ಯಂತ್ರ ಇದಾವೆ” ಅಂದಳು.

“ಆ ಸದ್ದು ಮತ್ತೆ ಸಿಕ್ಕಿದ ಮೇಲೆ ಬರ್ತೀನಿ.”

“ಅಲ್ಲೀ ತನಕ ನಾನೇನು ಮಾಡ್ಲಿ?”

ಬಾಯಿ ಬಿಟ್ಟು ಒಂದು ಮಾತು ಹೇಳೋ ಅಂತ ನಾನು ಹಿಂದಿನಿಂದ ಅವನ ಬೆನ್ನಿಗೆ ತಿವಿದೆ. ಅವನು ಹೇಳಿದ್ದು ಇಷ್ಟು: “ಫೋನ್ ಮಾಡು.”

ಮಾಡಿದಳು. ಪ್ರತಿ ಕ್ರಿಸ್‌ಮಸ್ ದಿನ ಊಟದ ಹೊತ್ತಿಗೆ ನಮ್ಮ ಮನೆಯ ಫೋನ್ ಹೊಡೆದುಕೊಳ್ಳುತ್ತಿತ್ತು. ‘ಹಲೋ’ ಇಲ್ಲ, ‘ಹೇಗಿದೀಯ’ ಇಲ್ಲ. “ಸಿಕ್ತಾ?” ಅನ್ನುತ್ತಿದ್ದಳು. “ಇನ್ನೂ ಇಲ್ಲ” ಅನ್ನುತ್ತಿದ್ದ ಇವನು. ಆಮೇಲೆ ಚಳಿಯ ಮಾತು, ಹಲ್ಲುನೋವಿನ ಮಾತು, ನಾರ್ಮನ್‌ನ ಕ್ಷೇಮಸಮಾಚಾರ. ನಡುವೆ ಅವಳು ಮದುವೆಯಾದಳು, ಅದನ್ನು ಬಿಟ್ಟಳು, ಸೋಪಿನ ಜಾಹೀರಾತುಗಳಿಗೆ ಹಾಡಿದಳು. ಫೋನ್ ಮಾತ್ರ ತಪ್ಪಿಸಲಿಲ್ಲ. ಆ ಕೆಲವು ನಿಮಿಷಗಳನ್ನು ನನ್ನ ತಮ್ಮ ವರ್ಷವಿಡೀ ನೆಚ್ಚಿಕೊಂಡು ಬದುಕಿದ.

ಅರದ ಕಾರ್ಖಾನೆ ಮುಚ್ಚಿತು. ಕ್ಲೈವ್ ಟ್ರಾಮ್ ಓಡಿಸುವ ಕೆಲಸಕ್ಕೆ ಸೇರಿದ. ಅಪ್ಪನ ಕಮ್ಮಟ ಇದ್ದ ಕಡೆ ದೊಡ್ಡ ಮಾಲ್ ಎದ್ದಿತು. ಕೈಚೀಲ ಹಿಡಿದ ಜನರನ್ನು ದಿನವೂ ಅವನೇ ಅಲ್ಲಿ ಇಳಿಸಿ ಬರುತ್ತಿದ್ದ. ಭಾನುವಾರ ಮಧ್ಯಾಹ್ನ ಮಾತ್ರ ಫ್ರಂಟ್ ರೂಮಿನ ಬಾಗಿಲು ಹಾಕಿಕೊಂಡು ಕೂರುತ್ತಿದ್ದ. ಕೂದಲು ಉದುರಿತು, ಕನ್ನಡಕ ಬಂತು, ಆ ಸದ್ದು ಬರಲಿಲ್ಲ. ಕೇಳಿ ಹೋಲಿಸಲು ಈಗ ಸುತ್ತಿಗೆಯೂ ಇಲ್ಲ. “ಹತ್ತಿರ ಬಂದಿದೆ ಗ್ಲೆಂಡಾ” ಅನ್ನುವನು. ಅಮ್ಮನನ್ನು ಕರೆದು ಕೇಳಿಸುವನು. ಅಮ್ಮ ತಲೆ ಓರೆ ಮಾಡಿ ಕೇಳಿ, “ತುಂಬಾ ಚೆನ್ನಾಗಿದೆ ಲವ್” ಅನ್ನುವಳು. ಅವನ ಮುಖ ಸಣ್ಣಗಾಗುತ್ತಿತ್ತು. ಚೆನ್ನಾಗಿದೆ ಅಂದರೆ ಅದಲ್ಲ ಅಂತಲೇ ಅರ್ಥ.

ಮನೆಯಲ್ಲಿ ಇದು ತಮಾಷೆಯೂ ಆಗಿತ್ತು. “ಎಲ್ಲರ ಅಮ್ಮಂದಿರು ಧೂಳು ಒರೆಸ್ತಾರೆ, ನಮ್ಮಮ್ಮ ಟಾಪ್ ಟೆನ್ ಹಾಡನ್ನೇ ಒರೆಸಿ ಹಾಕಿದ್ಳು” ಅಂತ ನಾನು ರೇಗಿಸುತ್ತಿದ್ದೆ. “ಸುಣ್ಣ ಇತ್ತು ಕಣೇ, ಸುಣ್ಣ” ಅಂತ ಅವಳು ಪ್ರತಿ ಸಲವೂ ವಾದಕ್ಕೆ ನಿಲ್ಲುತ್ತಿದ್ದಳು.

ವಯಸ್ಸು ಎಂಬತ್ತು ದಾಟಿದ ಮೇಲೆ ಅಮ್ಮನಿಗೆ ಕಾಲಗಳೆಲ್ಲ ಕಲಸಿಹೋದವು. ನನ್ನನ್ನು ತನ್ನ ತಂಗಿಯ ಹೆಸರು ಹಿಡಿದು ಕರೆಯುತ್ತಿದ್ದಳು. ಬೆಳಗ್ಗೆ ತಿಂದದ್ದು ಮಧ್ಯಾಹ್ನಕ್ಕೆ ನೆನಪಿಲ್ಲ. ಕೈ ಮಾತ್ರ ಏನನ್ನೂ ಮರೆಯಲಿಲ್ಲ. ಒಂದು ರಾಶಿ ಚಮಚ ಮುಂದಿಟ್ಟರೆ ಮಧ್ಯಾಹ್ನವೆಲ್ಲ ಉಜ್ಜುತ್ತ ಸುಖವಾಗಿರುತ್ತಿದ್ದಳು.

ಹೋದ ನವೆಂಬರಿನ ಒಂದು ಭಾನುವಾರ. ಊಟಕ್ಕೆ ಇನ್ನೂ ಹೊತ್ತಿತ್ತು. ಅಡುಗೆಮನೆಯಲ್ಲಿ ಅಮ್ಮ ಚಮಚ ಉಜ್ಜುತ್ತಿದ್ದಳು, ನಾನು ಗ್ರ್ಯಾವಿ ಕಲಕುತ್ತಿದ್ದೆ. ನನ್ನ ಅಂಗಾಲಿಗೆ ಅದು ಬಂತು. ಧಿಮ್. ಕಪ್ಪು-ಸಾಸರುಗಳು ಮಾತಾಡಿಕೊಂಡವು. ಮತ್ತೆ, ಧಿಮ್. ಅಮ್ಮನ ಕೈ ನಿಂತಿತು. ನಾನು ಅವಳನ್ನೇ ನೋಡಿದೆ. ಒಂದಷ್ಟು ಹೊತ್ತು ಸುತ್ತಿಗೆ ಬೀಳುತ್ತಲೇ ಇತ್ತು. ಆಮೇಲೆ ನಿಂತಿತು.

ಅಮ್ಮ ಎದ್ದಳು. ಯಾರ ಕೈ ಆಸರೆಯೂ ಇಲ್ಲದೆ ಎದ್ದಳು. ಕೆಟಲಿಗೆ ನೀರು ತುಂಬಿ ಒಲೆ ಹೊತ್ತಿಸಿದಳು. ಕಪಾಟಿನ ಹಿಂದುಗಡೆಯಿಂದ ಅಪ್ಪನ ದೊಡ್ಡ ಮಗ್ ತೆಗೆದು ಒರೆಸಿಟ್ಟಳು. ತಟ್ಟೆಗೆ ಮಾಂಸ ಹಾಕಿ, ಪಕ್ಕದಲ್ಲಿ ಉಬ್ಬಿದ ರೊಟ್ಟಿಯಂಥ ಯಾರ್ಕ್‌ಶೈರ್ ಪುಡಿಂಗ್ ಹಾಕಿ, ನನ್ನ ಕೈಯಿಂದ ಸೌಟು ಕಿತ್ತುಕೊಂಡು ಗ್ರ್ಯಾವಿ ಸುರಿದಳು. ಏಪ್ರನ್ ಬಿಚ್ಚಿ, ಕೂದಲು ಸರಿಮಾಡಿಕೊಂಡಳು.

ನಾನು ಫ್ರಂಟ್ ರೂಮಿಗೆ ಓಡಿದೆ. ಕ್ಲೈವ್ ಕೈ ಎರಡನ್ನೂ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಕನ್ನಡಕದ ಕೆಳಗೆ ಕಣ್ಣೀರು ಇಳಿಯುತ್ತಿತ್ತು.

“ಸಿಕ್ತು ಗ್ಲೆಂಡಾ.”

“ಅಲ್ಲಾಡಬೇಡ. ಏನೂ ಮುಟ್ಟಬೇಡ” ಅಂದು ನನ್ನ ಮೊಬೈಲ್ ಹುಡುಕಿದೆ. ಗುಂಡಿಗಳ ಫೋಟೊ ತೆಗೆದುಬಿಟ್ಟರೆ ಮುಗಿಯಿತು, ಇನ್ನು ಯಾವ ಬಟ್ಟೆಯೂ ಇದನ್ನು ಒರೆಸಲಾರದು. ರೊವೀನಾ ರೈಲು ಹತ್ತಿ ಬರುತ್ತಾಳೆ, ಹಾಡು ಮತ್ತೆ ರೆಕಾರ್ಡ್ ಆಗುತ್ತದೆ ಅಂತ ಒಂದು ಕ್ಷಣದಲ್ಲಿ ಏನೆಲ್ಲ ಕಟ್ಟಿಕೊಂಡೆ.

ಆಗ ಹೊರಬಾಗಿಲ ಚಿಲಕ ತೆಗೆದ ಸದ್ದು. ತಣ್ಣನೆ ಗಾಳಿ ಒಳಗೆ ನುಗ್ಗಿತು. ಕಿಟಕಿಯ ಪರದೆ ಸರಿಸಿದರೆ ಅಮ್ಮ ಹೊಸ್ತಿಲ ಮೇಲೆ, ಮನೆಯ ಚಪ್ಪಲಿಯಲ್ಲಿ, ಗುಡ್ಡದ ಕೆಳಗಿನ ದಾರಿಯನ್ನೇ ನೋಡುತ್ತ ನಿಂತಿದ್ದಳು. ದಾರಿ ಖಾಲಿ.

“ಇವತ್ತು ಯಾಕೋ ತಡ” ಅಂದಳು ಯಾರಿಗೋ ಅನ್ನುವ ಹಾಗೆ. “ಹತ್ತೋಕೆ ಎದೆ ಕಟ್ಟುತ್ತೆ ಪಾಪ, ಬರ್ತಾರೆ.”

ಅವಳ ಮುಖದಲ್ಲಿ ಎಂಥ ಬೆಳಕಿತ್ತು ಅಂದರೆ ನನಗೆ ನೋಡಲಾಗಲಿಲ್ಲ. ಹೊತ್ತು ಹೋಯಿತು. ಮುಖದ ಆ ಬೆಳಕು ಸ್ವಲ್ಪ ಸ್ವಲ್ಪವೇ ಇಳಿಯುತ್ತ ಬಂತು. ಆ ಚಳಿಯಲ್ಲೂ ಬಾಗಿಲ ಚೌಕಟ್ಟು ಹಿಡಿದು ನಿಂತಳೇ ಹೊರತು ಒಳಗೆ ಬರಲೊಲ್ಲಳು. ಕ್ಲೈವ್ ನನ್ನ ಪಕ್ಕದಲ್ಲಿ ನಿಂತು ಇದನ್ನೆಲ್ಲ ನೋಡಿದ. ಆಮೇಲೆ ನನ್ನ ಕೈಯಲ್ಲಿದ್ದ ಮೊಬೈಲನ್ನು ಮೆತ್ತಗೆ ಕೆಳಗೆ ಒತ್ತಿದ.

“ಹುಚ್ಚಾ ನಿಂಗೆ? ಅಮ್ಮ ಇಲ್ಲದಾಗ ನುಡಿಸಿದ್ರಾಯ್ತು. ಒಂದು ಫೋಟೊ ಇರ್ಲಿ” ಅಂದೆ.

“ನನ್ನ ನಂಬಬೇಡ. ಇದ್ರೆ ನುಡಿಸಿಬಿಡ್ತೀನಿ. ನಾಳೆನೇ ನುಡಿಸ್ತೀನಿ. ಅವಳು ಮತ್ತೆ ಹೋಗಿ ಹೀಗೇ ನಿಲ್ತಾಳೆ.”

ಕುರ್ಚಿಯ ಮೇಲೆ ಅಮ್ಮನ ಒರೆಸುವ ಬಟ್ಟೆ ಇತ್ತು. ಅದನ್ನು ಎತ್ತಿಕೊಂಡು, ಒಂದೊಂದಾಗಿ, ಎಲ್ಲ ಗುಂಡಿಗಳನ್ನೂ ನೆಟ್ಟಗೆ ಮಾಡಿದ. ನನಗೆ ಅವನ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು. ಹಿಡಿದುಕೊಳ್ಳಲಿಲ್ಲ. ಕೊನೆಯದನ್ನು ತಿರುಗಿಸಿ, ಕಣ್ಣೊರೆಸಿಕೊಂಡು, ಬಾಗಿಲಿಗೆ ಹೋಗಿ ತನ್ನ ಕೋಟನ್ನು ಅಮ್ಮನ ಹೆಗಲಿಗೆ ಹಾಕಿದ.

“ಅಮ್ಮಾ, ಅಪ್ಪನಿಗೆ ಇವತ್ತು ಡಬಲ್ ಪಾಳಿಯಂತೆ. ಹೇಳಿ ಕಳಿಸಿದಾರೆ.”

“ಮೊದಲೇ ಬೊಗಳಬಾರದೇನೋ!” ಅಂದಳು ಅಮ್ಮ. “ಊಟ ಒಣಗಿಹೋಗುತ್ತೆ.” ದಡದಡ ಒಳಗೆ ಬಂದು, ಕುದಿಯುವ ನೀರಿನ ಪಾತ್ರೆಯ ಮೇಲೆ ತಟ್ಟೆ ಇಟ್ಟು, ಅದರ ಮೇಲೆ ಇನ್ನೊಂದು ತಟ್ಟೆ ಮುಚ್ಚಿದಳು. ಬಿಸಿ ಆರದ ಹಾಗೆ. ಮತ್ತೆ ಚಮಚಗಳ ಮುಂದೆ ಕೂತಳು. ಸ್ವಲ್ಪ ಹೊತ್ತಿಗೆ ಯಾರಿಗೆ ಕಾಯುತ್ತಿದ್ದೆ ಅನ್ನುವುದನ್ನೂ ಮರೆತಳು. ಆ ತಟ್ಟೆಯ ಊಟವನ್ನು ಕ್ಲೈವ್ ತಿಂದ.

ಕ್ರಿಸ್‌ಮಸ್ ಬಂತು. ಊಟದ ನಡುವೆ ಫೋನ್ ಹೊಡೆದುಕೊಂಡಿತು. ಕ್ಲೈವ್ ಎದ್ದು ಹೋಗಿ ಎತ್ತಿಕೊಂಡ. ಆ ಕಡೆಯ ದನಿ ನನಗೂ ಕೇಳಿಸಿತು, ಈಗ ಸ್ವಲ್ಪ ಒಡೆದ ದನಿ.

“ಸಿಕ್ತಾ?”

ಹೇಳು, ಸಿಕ್ಕಿತು ಅಂತ ಹೇಳು ಅಂತ ನಾನು ಮೇಜಿನಿಂದಲೇ ಕಣ್ಣು ಬಾಯಿ ಕೈ ಎಲ್ಲ ಆಡಿಸಿದೆ. ಕ್ಲೈವ್ ನನ್ನ ಕಡೆ ನೋಡಿದ. ಗೋಡೆಯ ಕಡೆ ತಿರುಗಿಕೊಂಡ.

“ಇನ್ನೂ ಇಲ್ಲ” ಅಂದ.

“ಹುಡುಕ್ತಾ ಇರು ಮತ್ತೆ. ಬಿಡಬೇಡ” ಅಂದಳು ರೊವೀನಾ.

ನನಗೆ ಸಿಟ್ಟು ನೆತ್ತಿಗೇರಿತ್ತು. ಫೋನ್ ಇಟ್ಟ ಮೇಲೆ ಚೆನ್ನಾಗಿ ಬಯ್ಯಬೇಕು ಅಂದುಕೊಂಡೆ. ಆದರೆ ಅವನು ಬಂದು ಕೂತು ಪುಡಿಂಗಿಗೆ ಚಮಚ ಹಾಕಿದಾಗ ಅವನ ಮುಖ ನೋಡಿ ಕ್ರೀಮಿನ ಬಟ್ಟಲನ್ನು ಅವನ ಕಡೆ ಸರಿಸಿದೆ. ಸಿಕ್ಕಿತು ಅಂದುಬಿಟ್ಟಿದ್ದರೆ ಮುಂದಿನ ಕ್ರಿಸ್‌ಮಸ್‌ಗೆ ಅವಳು ಏನು ಕೇಳಲು ಫೋನ್ ಮಾಡಬೇಕು?